ಎಡಸುತ್ತು

ಓಟದ ಎರಡನೇ ಸುತ್ತಿನಲ್ಲಿ ಕೆರೆಕೋಡಿ ದಾಟಿ ತೆಂಗಿನ ತೋಟಗಳ ಹಿಂದಿನ ಗಾಡಿಜಾಡಿಗೆ ಇಳಿಯುತ್ತಿದ್ದಂತೆ ಓಂಕಾರಮೂರ್ತಿಗೆ ಎದುರಿನಿಂದ ತಾಯಿ ಬರುವುದು ಕಾಣಿಸಿತು. ಬರಿಗಾಲು, ತಲೆಯ ಮೇಲೆ ಸೆರಗು, ಕೈಯಲ್ಲಿ ಒಂದು ಬಿದಿರುಕೋಲು. ತೀರ್ಥಮ್ಮನಿಗೆ ಬಲಮಂಡಿ ನೋವು. ಹಿತ್ತಿಲಿಗೆ ಹೋಗಿ ಬರುವುದಕ್ಕೂ ಗೋಡೆ ಹಿಡಿಯುವಾಕೆ. ಅಂಥವಳು ಊರು ಬಿಟ್ಟು ಇಷ್ಟು ದೂರ ಬಂದಿದ್ದಾಳೆಂದರೆ ಮನೆಯಲ್ಲಿ ಏನೋ ಆಗಿರಬೇಕೆಂದು ಅವನು ಓಟ ನಿಧಾನಿಸಿದ.

"ಏನವ್ವಾ? ಮಲ್ಲಿ ಹುಷಾರಾಗಿದಾಳಾ?"

"ಅವ್ಳು ಚೆನ್ನಾಗೇ ಇದಾಳೆ. ನೀನು ನಿಲ್ಬೇಡ, ಹೋಗು."

"ಮತ್ತೆ ನೀನೆಲ್ಲಿಗೆ ಹೊರಟೆ?"

"ನೀನು ಎಡಕ್ಕೆ ಸುತ್ತಿದ್ದನ್ನ ಬಿಚ್ಚೋಕೆ," ಎಂದಳು ತೀರ್ಥಮ್ಮ, ತಾನೂ ನಿಲ್ಲದೆ. "ನೀನೊಂದು ಎಡಸುತ್ತು ಹಾಕಿದ್ರೆ ನಾನೊಂದು ಬಲಸುತ್ತು ಹಾಕ್ಬೇಕು. ಇನ್ನೇನು ಮಾಡ್ಲಿ, ಹೆತ್ತಿದೀನಲ್ಲ."

ಅವನು ತಿರುಗಿ ನೋಡುವಷ್ಟರಲ್ಲಿ ಆಕೆ ಅವನು ಬಂದ ದಾರಿಯಲ್ಲೇ ಕೋಲೂರುತ್ತ ಕೋಡಿಯ ಕಡೆ ಹೋಗುತ್ತಿದ್ದಳು.

ಅದು ಯುವ ವರ್ಷವೆಂದು ಸರ್ಕಾರದವರು ಸಾರಿದ್ದ ಎಂಬತ್ತೈದನೆಯ ಇಸವಿಯ ಡಿಸೆಂಬರ್. ಎಲ್ಲ ಊರುಗಳ ಯುವಕ ಸಂಘಗಳೂ ಏನಾದರೊಂದು ಮಾಡಲೇಬೇಕಾಗಿತ್ತು. ಅಜ್ಜಂಪುರದವರು ನಾಟಕ ಆಡಿಸಿದರು, ತರೀಕೆರೆಯವರು ವಾಲಿಬಾಲ್ ಆಡಿಸಿದರು. ಬುಕ್ಕಾಂಬುಧಿಯವರಿಗೆ ಉಳಿದಿದ್ದದ್ದು ಕೆರೆಯೊಂದೇ. ಕಡೂರಿನ ನಿವೃತ್ತ ಡ್ರಿಲ್ ಮೇಷ್ಟ್ರು ಗಂಗಾಧರಯ್ಯನವರು ಬಂದು ಸೈಕಲ್ಲಿನಲ್ಲಿ ಕೆರೆ ಸುತ್ತಿ, ಇದನ್ನು ಆರು ಸಲ ಸುತ್ತಿದರೆ ಸರಿಯಾಗಿ ಒಂದು ಮ್ಯಾರಥಾನ್ ಆಗುತ್ತದೆಂದು ಹೇಳಿದರು. ಊರಿನ ಹುಡುಗರಿಗೆ ಕಬಡ್ಡಿ ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಊರಿನ ಕಡೆಯಿಂದ ಹೆಸರು ಕೊಟ್ಟವನು ಮೂವತ್ತೇಳು ವರ್ಷದ ಸೊಸೈಟಿ ಸೆಕ್ರೆಟರಿ ಓಂಕಾರಮೂರ್ತಿ ಒಬ್ಬನೇ.

"ಯುವ ವರ್ಷಕ್ಕೆ ನೀನ್ಯಾವ ಸೀಮೆ ಯುವಕನೋ?" ಎಂದು ಹೋಟೆಲ್ ದೇವೀರಪ್ಪ ಕೇಳಿದ್ದ. ಊರಿನವರು ಓಂಕಾರಮೂರ್ತಿಗೆ ಆರಂಭಶೂರನೆಂದು ಹೆಸರಿಟ್ಟಿದ್ದರು, ಸುಳ್ಳೇನೂ ಅಲ್ಲ. ಪಿಯುಸಿಯನ್ನು ಅರ್ಧಕ್ಕೆ ಬಿಟ್ಟಿದ್ದ. ಹಾರ್ಮೋನಿಯಂ ಸರಿಗಮಕ್ಕೇ ನಿಂತಿತ್ತು. ಹಿಟ್ಟಿನ ಗಿರಣಿ ಹಾಕುತ್ತೇನೆಂದು ತೋಡಿಸಿದ ಪಾಯದಲ್ಲಿ ಈಗ ಪಕ್ಕದ ಮನೆಯ ಕೋಳಿಗಳು ಮಣ್ಣು ಕೆದಕುತ್ತಿದ್ದವು. ಓಟ ಮಾತ್ರ ಹಾಗಾಗಿರಲಿಲ್ಲ. ಬೆಳಗಿನ ಜಾವ ಎದ್ದು ಒಂದೆರಡು ಸುತ್ತು ಓಡಿ ಬರುವುದು ಒಂದು ವರ್ಷದಿಂದ ತಪ್ಪಿರಲಿಲ್ಲ. ಈ ಒಂದನ್ನಾದರೂ ಕೊನೆ ಮುಟ್ಟಿಸಬೇಕೆಂದು ಅವನಿಗೆ ತುಂಬ ಆಸೆಯಿತ್ತು.

ಆ ಒಂದು ವರ್ಷವೂ ಅವನು ಓಡಿದ್ದು ಊರಿನವರೆಲ್ಲ ನಡೆಯುವ ಹಾಗೆ, ಮನೆಯಿಂದ ಹೊಲದ ಕಡೆಗೆ, ಅಲ್ಲಿಂದ ಕೋಡಿಗೆ, ಕೊನೆಗೆ ಏರಿಯ ಮೇಲೆ ಹಾದು ಊರಿಗೆ. ನೀರು ಯಾವಾಗಲೂ ಬಲಗಡೆ. ಗಂಗಮ್ಮನನ್ನು ಬಲಗಡೆ ಇಟ್ಟುಕೊಂಡೇ ಸುತ್ತಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಊಟಕ್ಕೆ ಬಲಗೈ ಎಂದು ಯಾರು ಹೇಳಿಕೊಡುತ್ತಾರೆ? ಆದರೆ ಓಟದ ದಿನ ಗಂಗಾಧರಯ್ಯನವರು ಸ್ಕೂಲಿನ ಮುಂದೆ ಸುಣ್ಣದಲ್ಲಿ ಬರೆದಿದ್ದ ಬಾಣ ಏರಿಯ ಕಡೆಗಿತ್ತು. ಓಟವೆಂದರೆ ಎಡಗೈ ಒಳಗೆ, ಇದು ಮೈದಾನದ ನಿಯಮ. ಸೀಟಿ ಊದಿದಾಗ ಕಡೂರು ತರೀಕೆರೆಯ ಕಾಲೇಜು ಹುಡುಗರ ಗುಂಪಿನಲ್ಲಿ ಅವನೂ ಓಡಿದ. ನೀರು ಎಡಕ್ಕಿದೆಯೆಂದು ಹೊಳೆದದ್ದು ಏರಿಯ ಮೇಲೆ ಅರ್ಧ ಹೋದ ಮೇಲೆ. ಹೊಳೆದರೂ ಆಗ ಅದನ್ನು ಅತ್ತ ತಳ್ಳಿದ. ಮೊದಲ ಸುತ್ತಿನ ಕೊನೆಗೆ ತನ್ನ ಮನೆಯ ಮುಂದೆ ಹಾದಾಗ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ತಾಯಿ, ಅವನು ಬಂದ ದಿಕ್ಕನ್ನೂ ಹೋಗುವ ದಿಕ್ಕನ್ನೂ ನೋಡಿ ಮೊರ ಕೆಳಗಿಟ್ಟಿದ್ದಳು.

ಮನೆಯಲ್ಲಿ ಅವನ ಹೆಂಡತಿ ಮಲ್ಲಿಕಾಂಬ ಏಳು ತಿಂಗಳ ಬಸುರಿ. ಹಿಂದೆ ಎರಡು ಸಲ ಬಸಿರು ಐದನೇ ತಿಂಗಳು ದಾಟಿರಲಿಲ್ಲ. ಈ ಸಲ ದಾಟಿತ್ತು. ದಾಟಿದಷ್ಟೂ ತೀರ್ಥಮ್ಮನ ಹೆದರಿಕೆ ಹೆಚ್ಚಾಗಿತ್ತು. ಆ ಮನೆಯಲ್ಲಿ ಕೂಸು ಎಂಬ ಮಾತನ್ನೇ ಎತ್ತುವಂತಿರಲಿಲ್ಲ. ಯಾರಾದರೂ ಕೇಳಿದರೆ ಸೊಸೆಗೆ ಮೈಯಲ್ಲಿ ಸರಿಯಿಲ್ಲ ಎನ್ನುತ್ತಿದ್ದಳು. ಇಂಥ ಮನೆಯ ಗಂಡಸು ಹಾಡಹಗಲಲ್ಲಿ ಗಂಗಮ್ಮನನ್ನು ಎಡಸುತ್ತು ಸುತ್ತುತ್ತಿದ್ದ, ಅದೂ ಒಂದಲ್ಲ, ಆರು.

ನಾಲ್ಕನೇ ಸುತ್ತು ಶುರುವಾದಾಗ ತಾಯಿ ಮಗ ಏರಿಯ ಮೇಲೆ ಎದುರಾದರು. ತೀರ್ಥಮ್ಮನ ಮೊದಲ ಸುತ್ತು ಇನ್ನೂ ಮುಗಿದಿರಲಿಲ್ಲ. ಓಂಕಾರಮೂರ್ತಿ ನಿಂತೇಬಿಟ್ಟ.

"ಅವ್ವಾ, ನಿನ್ನ ಕಾಲಿಗೆ ಬೀಳ್ತೀನಿ, ಮನೆಗೆ ಹೋಗಿ ಕೂತ್ಕೊ. ನಾಳೆ ನಾನೇ ಆರು ಬಲಸುತ್ತು ಹಾಕ್ತೀನಿ."

"ನಾಳೆ ಅನ್ನೋದು ನಿಮ್ಮಪ್ಪನ ಮಾತು. ಇವತ್ತು ಸುತ್ತಿದ್ದು ಇವತ್ತು ಹೊತ್ತು ಮುಳುಗೋದ್ರೊಳಗೆ ಬಿಚ್ಬೇಕು."

"ಹಂಗಾದ್ರೆ ನಾನು ಇಲ್ಲಿಗೇ ನಿಲ್ಲಿಸ್ಬಿಡ್ತೀನಿ."

"ನಡುವೆ ನಿಂತ್ರೆ ಗಂಟು ಬೀಳ್ತದೆ ಕಣೋ. ಹಿಡಿದ ಸುತ್ತು ಮುಗಿಸು. ಆಮೇಲೆ ಬಿಡೋದು ಹಿಡಿಯೋದು ನಿನಗೆ ಸೇರಿದ್ದು." ತೀರ್ಥಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆಕೆಯ ದನಿಯಲ್ಲಿ ಕೋಪವಿರಲಿಲ್ಲ. ಕೋಪ ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಅಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿತ್ತು. ದೇವೀರಪ್ಪನ ಹೋಟೆಲಿನ ಬೆಂಚಿನ ಮೇಲಿದ್ದವರು, "ಅವ್ವ ಮಗ ಇಬ್ರೂ ರೇಸಿಗೆ ಇಳಿದವ್ರೆ ಕಣ್ರಪ್ಪೋ, ಅವ್ವ ರಾಂಗ್ ಸೈಡು!" ಎಂದು ನಕ್ಕರು. ಹೆಂಗಸರು ಯಾರೂ ನಗಲಿಲ್ಲ. ತೀರ್ಥಮ್ಮ ಸ್ಕೂಲಿನ ಮುಂದೆ ಬಂದಾಗ ಗಂಗಾಧರಯ್ಯನವರು ಕುರ್ಚಿಯಿಂದ ಎದ್ದರು. ಸುತ್ತಿನ ಲೆಕ್ಕ ತಪ್ಪಬಾರದೆಂದು ಅವರು ಸೊಸೈಟಿಯ ಸೀಲು ಇಸಿದುಕೊಂಡು, ಪ್ರತಿ ಸುತ್ತಿಗೂ ಓಟಗಾರರ ಮುಂಗೈ ಮೇಲೆ ನೇರಳೆ ಬಣ್ಣದ ಮುದ್ರೆ ಒತ್ತುತ್ತಿದ್ದರು.

"ಅಮ್ಮಾ, ಪ್ರಪಂಚದಲ್ಲೆಲ್ಲಾ ಹೀಗೇ ಓಡೋದು. ಎಡಗೈ ಒಳಗೆ," ಎಂದರು.

"ಪ್ರಪಂಚ ನಮ್ಮನೇಗೆ ಬರಲ್ಲ ಕಣ್ರೀ ಮೇಷ್ಟ್ರೆ. ಗಂಗಮ್ಮ ಬತ್ತಾಳೆ."

ಗಂಗಾಧರಯ್ಯನವರು ಸೀಲನ್ನು ಕೈಗೆತ್ತಿಕೊಂಡರು. ಮರ್ಯಾದೆಗೆಂದು, "ನಿಮಗೂ ಒಂದು ಸೀಲು ಒತ್ತಲಾ?" ಎಂದರು. ತೀರ್ಥಮ್ಮ ಎರಡು ಲೋಟ ನೀರು ಕುಡಿದು, ನನ್ನ ಲೆಕ್ಕ ಇಡೋಳು ಬೇರೆ ಇದಾಳೆ ಎಂದು ಹೇಳಿ ಎರಡನೇ ಸುತ್ತಿಗೆ ಹೊರಟಳು.

ನಾಲ್ಕನೇ ಸುತ್ತಿನ ಕೊನೆಗೆ ಓಂಕಾರಮೂರ್ತಿ ಮನೆಯ ಮುಂದೆ ಬಂದಾಗ ಮಲ್ಲಿಕಾಂಬ ನಿಂಬೆಹಣ್ಣಿನ ಪಾನಕ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಳು. ಕುಡಿದು ಲೋಟ ವಾಪಸು ಕೊಟ್ಟರೂ ಅವಳು ತೆಗೆದುಕೊಳ್ಳಲಿಲ್ಲ.

"ಅತ್ತೆ ಈಗ ತಾನೇ ಹಿಂಗೆ ಹೋದ್ರು, ದಾರೀಲಿ ಸಿಕ್ಕಿರ್ಬೇಕಲ್ಲ. ನಿಲ್ಲಿ ಅಂದ್ರೆ ನಿಲ್ಲಲಿಲ್ಲ. ಹಿಮ್ಮಡಿ ಒಡೆದು ರಕ್ತ ಬತ್ತಿದೆ ಕಣ್ರೀ."

"ನಾನೇನು ಮಾಡ್ಲಿ? ಹೇಳಿದ್ರೆ ಕೇಳ್ತಾಳಾ?"

"ನೀವು ಈ ಸುತ್ತಿಗೆ ಸಾಕು ಮಾಡಿ. ನೀವು ಹಾಕೋದು ಕಮ್ಮಿಯಾದ್ರೆ ಅವರು ಹಾಕೋದೂ ಕಮ್ಮಿಯಾಗತ್ತೆ. ನನಗೋಸ್ಕರ ಅಲ್ಲ, ಅವರ ಕಾಲಿಗೋಸ್ಕರ."

ಸ್ಕೂಲಿನ ಮುಂದೆ ಮೇಷ್ಟ್ರು ನಾಲ್ಕನೇ ಮುದ್ರೆ ಒತ್ತಿದರು. ಓಂಕಾರಮೂರ್ತಿ ಸುಣ್ಣದ ಗೆರೆಯ ಮೇಲೆ ನಿಂತ. ಹೊರಟವರಲ್ಲಿ ಅರ್ಧಕ್ಕರ್ಧ ಹುಡುಗರು ಆಗಲೇ ಶೂ ಬಿಚ್ಚಿ ನೆರಳಿನಲ್ಲಿ ಮಲಗಿದ್ದರು. ಅವನೂ ಹೋಗಿ ಮಲಗಿದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ತಾಯಿಯ ಕಾಲಿಗಾಗಿ ಬಿಟ್ಟನೆಂದು ಹೊಗಳಿದರೂ ಹೊಗಳಿಯಾರು. ಬಿಡುವುದಕ್ಕೆ ಅವನ ಆಯುಷ್ಯದಲ್ಲಿ ಇಷ್ಟು ಒಳ್ಳೆಯ ಕಾರಣ ಎಂದೂ ಸಿಕ್ಕಿರಲಿಲ್ಲ. ಆದರೆ ಅವನಿಗೆ ಬಿಡಲು ಮನಸ್ಸಿರಲಿಲ್ಲ. ತೊಡೆ ನೋಯುತ್ತಿತ್ತು, ಉಸಿರು ಮಾತ್ರ ಸರಿಯಾಗಿತ್ತು. ಇನ್ನೆರಡು ಸುತ್ತು ಆಗುತ್ತದೆಂದು ಮೈಗೆ ಗೊತ್ತಿತ್ತು. ತನ್ನ ಬಗ್ಗೆ ತನಗೇ ನಾಚಿಕೆಯಾಗುತ್ತಿದ್ದಂತೆಯೇ ಅವನು ಮತ್ತೆ ಏರಿ ಹತ್ತಿದ.

ಐದನೇ ಸುತ್ತಿನಲ್ಲಿ ತೀರ್ಥಮ್ಮ ಹೊಲದ ಬದುವಿನ ಮೇಲೆ ಕೂತಿದ್ದಳು. ಅವನನ್ನು ಕಂಡವಳೇ ಎದ್ದು ಸೀರೆ ಕೊಡವಿಕೊಂಡಳು, ಕೂತದ್ದು ಅವನಿಗೆ ಕಾಣಬಾರದಾಗಿತ್ತೆಂಬಂತೆ. ಆರನೆಯದರಲ್ಲಿ ಏರಿಯ ಆ ತುದಿಯಲ್ಲಿ, ಕೋಡಿಯ ಬಳಿ ಸಿಕ್ಕಿದಳು. ಆಕೆಯ ಎಡಗಾಲಿಗೆ ಯಾವುದೋ ಬಟ್ಟೆಚೂರು ಸುತ್ತಿತ್ತು.

"ಇದೇ ಕೊನೇದಾ?"

"ಹ್ಞೂಂ."

"ಮುಗಿಸ್ಕೊಂಡು ಬಾ."

ಅವನು ಮುಗಿಸಿದ. ಏಳನೆಯವನಾಗಿ ಬಂದ, ಬಂದವರೂ ಏಳೇ ಜನ. ಗಂಗಾಧರಯ್ಯನವರು ಆರನೇ ಮುದ್ರೆ ಒತ್ತಿ ಬೆನ್ನು ತಟ್ಟಿದರು, ಸಂಘದವರು ಟವೆಲ್ ಹೊದೆಸಿ ಒಂದು ಸ್ಟೀಲ್ ಚೊಂಬು ಕೊಟ್ಟರು. ದೇವೀರಪ್ಪ ತಾನೇ ಹೋಟೆಲಿನಿಂದ ಕಾಫಿ ತಂದು ಕೊಟ್ಟ, ಏನೂ ಅಣಕಿಸಲಿಲ್ಲ. ಓಂಕಾರಮೂರ್ತಿಗೆ ಸಂತೋಷವಾಯಿತು. ಆಗಲಿಲ್ಲವೆಂದರೆ ಸುಳ್ಳು. ಆದರೆ ಅವನ ಕಣ್ಣು ಏರಿಯ ಮೇಲೇ ಇತ್ತು. ಅಲ್ಲಿ ಒಂದು ಹಸಿರು ಸೀರೆ ನಿಂತು ನಿಂತು ಬರುತ್ತಿತ್ತು.

ಆಕೆ ಬಂದು ಮುಟ್ಟುವ ಹೊತ್ತಿಗೆ ಶಾಮಿಯಾನ ಬಿಚ್ಚಿದ್ದರು. ತೀರ್ಥಮ್ಮ ಮಗನ ಪಕ್ಕದಲ್ಲಿ ಸ್ಕೂಲಿನ ಕಟ್ಟೆಯ ಮೇಲೆ ಕೂತು ಮಂಡಿ ನೀವಿಕೊಂಡಳು.

"ಎರಡಾಯ್ತು. ಇನ್ನು ನಾಕು."

"ನಾಕೂ ನಾನೇ ಹಾಕ್ತೀನಿ ಬಿಡು."

"ಎದ್ದು ನಿಲ್ಲು ನೋಡಾಣ."

ಅವನು ಎದ್ದು ನಿಲ್ಲಲು ಹೋಗಿ ಮೀನಖಂಡ ಹಿಡಿದುಕೊಂಡು ಮತ್ತೆ ಕೂತ. ತೀರ್ಥಮ್ಮನಿಗೆ ಬೆಳಗಿನಿಂದ ಮೊದಲ ಸಲ ನಗು ಬಂತು. ಅವನಿಗೂ ಬಂತು. ನಗು ನಿಂತ ಮೇಲೆ ಅವನು ಕೇಳಿದ:

"ಇಬ್ರೂ ಜೊತೇಲಿ ಸುತ್ತಿದ್ರೆ ಒಂದಕ್ಕೆ ಎರಡು ಲೆಕ್ಕ ಬರಲ್ವಾ?"

"ಗಂಗಮ್ಮ ನಿನ್ನ ಸೊಸೈಟಿ ಅಲ್ಲ ಕಣೋ."

"ಕೇಳ್ದೆ, ಅಷ್ಟೆ."

ತೀರ್ಥಮ್ಮ ನೀರನ್ನು ನೋಡುತ್ತ ಕೂತಳು. ಆಕೆಯ ಲೆಕ್ಕದಲ್ಲಿ ಎಲ್ಲಿಯೂ ರಿಯಾಯಿತಿ ಇರಲಿಲ್ಲ; ಆದರೆ ಕಾಲಿನಲ್ಲಿ ಇನ್ನು ನಾಲ್ಕು ಸುತ್ತೂ ಇರಲಿಲ್ಲ. "ಬತ್ತದೆ ಅಂದ್ಕೊಳ್ಳೋಣ," ಎಂದಳು ಕೊನೆಗೆ. "ಉಂಡು ಹೊರಡೋಣ ನಡಿ."

ಊಟ ಮಾಡಿ, ಹರಳೆಣ್ಣೆ ಹಚ್ಚಿ ತಿಕ್ಕಿಸಿಕೊಂಡು ಅವರು ಹೊರಟಾಗ ಬಿಸಿಲು ಇಳಿದಿತ್ತು. ನಲವತ್ತೆರಡು ಕಿಲೋಮೀಟರ್ ಓಡಿದವನು ಜಗಲಿಯ ಮೂರು ಮೆಟ್ಟಿಲು ಇಳಿಯಲು ಕಂಬ ಹಿಡಿದ. ತೀರ್ಥಮ್ಮ ಆಗಲೇ ಓಣಿಯಲ್ಲಿ ನಾಲ್ಕು ಮಾರು ಮುಂದಿದ್ದಳು. ಬಾಗಿಲಲ್ಲಿ ನಿಂತಿದ್ದ ಮಲ್ಲಿಕಾಂಬ ಇಬ್ಬರನ್ನೂ ನೋಡಿದಳು. ಒಬ್ಬಳು ಕುಂಟುತ್ತಿದ್ದಳು, ಒಬ್ಬ ತೆವಳುತ್ತಿದ್ದ.

"ಎರಡು ಸುತ್ತು ಆಗತ್ತಾ ಅತ್ತೆ, ಹೊತ್ತು ಮುಳುಗೋದ್ರೊಳಗೆ?"

"ಆದಷ್ಟು ಆಗ್ಲಿ."

"ನಾನೂ ಬಂದ್ರೆ?"

ತೀರ್ಥಮ್ಮ ತಿರುಗಿದಳು. ಈ ಸ್ಥಿತಿಯಲ್ಲಿ ಎಲ್ಲಿಗೆ ಬತ್ತೀಯೆ ಎಂದು ಗದರುವಳೆಂದು ಓಂಕಾರಮೂರ್ತಿ ಕಾದ. ಆಕೆ ಗದರಲಿಲ್ಲ. ಸೊಸೆಯ ಮುಖ ನೋಡಿದಳು, ಆಮೇಲೆ, ಏಳು ತಿಂಗಳಿಂದ ನೋಡದ ಹಾಗೆ ನಟಿಸುತ್ತಿದ್ದ ಹೊಟ್ಟೆಯನ್ನು ನೋಡಿದಳು.

"ನೀನು ಬಂದ್ರೆ ಎರಡು ಲೆಕ್ಕ ಕಣೇ," ಎಂದಳು.

ಮಲ್ಲಿಕಾಂಬ ಬಾಗಿಲು ಎಳೆದುಕೊಂಡು ಮೆಟ್ಟಿಲಿಳಿದಳು. ಅವಳ ಕಣ್ಣು ತುಂಬಿತ್ತು, ಆದರೂ ಅಳಲಿಲ್ಲ.

"ಓಣಿ ಕೊನೆ ಬೇವಿನ ಮರದ ತಂಕ ಬಾ, ಸಾಕು," ಎಂದಳು ತೀರ್ಥಮ್ಮ. "ಗಂಗಮ್ಮನೇನು ಕಣ್ಣಿಲ್ದೋಳಲ್ಲ."

ಮೂವರೂ ಹೊರಟರು. ಇಷ್ಟು ಹೊತ್ತು ಮುಂದೆ ಮುಂದೆ ಹೋಗುತ್ತಿದ್ದ ತೀರ್ಥಮ್ಮ ಈಗ ಸೊಸೆಯ ನಡಿಗೆಗೆ ತನ್ನದನ್ನು ಹೊಂದಿಸಿಕೊಂಡಳು. ಓಂಕಾರಮೂರ್ತಿ ಹಿಂದಿನಿಂದ, "ನಿಧಾನ ಕಣ್ರೀ, ನಾನೂ ಬತ್ತಿದೀನಿ," ಎಂದ. ಅವರು ಅವನಿಗಾಗಿ ನಿಲ್ಲಲಿಲ್ಲ.

ಬೇವಿನ ಮರ ಬಂತು. ಅದರ ನೆರಳು ಜಾಡಿಗೆ ಅಡ್ಡವಾಗಿ ಬಿದ್ದಿತ್ತು. ಮಲ್ಲಿಕಾಂಬ ಅದನ್ನು ದಾಟಿದಳು. ತೀರ್ಥಮ್ಮ ಕೋಲನ್ನು ಆಚೆ ಕೈಗೆ ಬದಲಾಯಿಸಿಕೊಂಡು, ಸೊಸೆಯ ಮೊಣಕೈ ಹಿಡಿದು, ತಾನೂ ದಾಟಿದಳು. ಮರ ಬಂತೆಂದು ಮೂವರಲ್ಲಿ ಯಾರೂ ಹೇಳಲಿಲ್ಲ.