ಕಾರಣ: ಟೀ

ಬೆಳಿಗ್ಗೆ ಹತ್ತೂವರೆಗೆ ಮೂವತ್ತೊಂದನೇ ಪೆಟ್ಟಿಗೆಗೂ ಬೀಗ ಬಿತ್ತು. ಬೀಗದಮ್ಮ ಕುರ್ಚಿಗೆ ಒರಗಿ ನೆಟಿಕೆ ಮುರಿದಳು.

ಬೀಗದಮ್ಮ ಎನ್ನುವುದು ಔಷಧಿ ಗೋದಾಮಿನ ಹಮಾಲರು ಇಟ್ಟ ಹೆಸರು. ಅವಳು ಹಾಕುವುದು ಕಬ್ಬಿಣದ ಬೀಗವಲ್ಲ. ಗೋದಾಮಿನ ಮೂಲೆಮೂಲೆಯಲ್ಲೂ ಗೋಡೆಗೆ ಒಂದೊಂದು ಸ್ವಿಚ್ ಪೆಟ್ಟಿಗೆ. ಲಾರಿ ಬಾಗಿಲಿನ ಸ್ಕ್ಯಾನರಿನಿಂದ ಹಿಡಿದು ತಣ್ಣನೆ ಕೋಣೆಯ ಥರ್ಮಾಮೀಟರಿನ ತನಕ ಎಲ್ಲದರ ತಂತಿಯೂ ಅವಕ್ಕೇ ಬಂದು ಸೇರುತ್ತದೆ. 'ಹೇಗಿದ್ದೀಯಪ್ಪ?' ಎಂದು ಕೇಳಿದರೆ ಯಾವ ತಂತಿಗೆ ಜೀವ ಇದೆ, ಯಾವುದಕ್ಕೆ ಇಲ್ಲ ಎಂದು ಪೆಟ್ಟಿಗೆ ಹೇಳಿಬಿಡುತ್ತದೆ. ಆದರೆ ಕೇಳುವವರಿಗೆ ಒಂದು ಗುಟ್ಟಿನ ಪದ ಗೊತ್ತಿರಬೇಕು. ಕಾರ್ಖಾನೆಯಿಂದ ಬರುವಾಗ ಬರೀ ನೋಡುವವರಿಗೆ 'ಪಬ್ಲಿಕ್', ಬದಲಾಯಿಸುವವರಿಗೆ 'ಪ್ರೈವೇಟ್' ಎಂಬ ಪದ ಅದರೊಳಗೇ ಇರುತ್ತದೆ. ಬಂದ ದಿನವೇ ಅದನ್ನು ಕಿತ್ತುಹಾಕಿ ಬೇರೆ ಇಡಬೇಕು. ಇಲ್ಲಿ ಹನ್ನೊಂದು ವರ್ಷ ಯಾರೂ ಇಟ್ಟಿರಲಿಲ್ಲ. ಊರಿಗೆಲ್ಲ ಗೊತ್ತಿರುವ ಗುಟ್ಟು.

ಮಧ್ಯಾಹ್ನ ಮೂರಕ್ಕೆ ತಪಾಸಣೆಯವರು ಬರುವವರಿದ್ದರು. ಅವರು ಹೂಂ ಎಂದರೆ ತಣ್ಣನೆ ಕೋಣೆಗಳ ಪರವಾನಗಿ ಮುಂದುವರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಅದಕ್ಕೇ ಬೀಗದಮ್ಮ ಎರಡೂ ಪದ ಬದಲಾಯಿಸಿ, 'ನನ್ನ ನಿಗಾ ಕಂಪ್ಯೂಟರು, ಅದು ಕೆಟ್ಟರೆ ಇರಲಿ ಎಂದಿಟ್ಟ ಇನ್ನೊಂದು, ಇವೆರಡಕ್ಕೆ ಬಿಟ್ಟು ಯಾರಿಗೂ ಬಾಯಿ ಬಿಡಬೇಡ' ಎಂದು ಪ್ರತಿ ಪೆಟ್ಟಿಗೆಗೂ ಪಟ್ಟಿ ಬರೆದು ಕೂರಿಸಿದ್ದಳು.

ಹನ್ನೊಂದರ ಹೊತ್ತಿಗೆ ಪೆಟ್ಟಿಗೆಗಳ ದಿನಚರಿ ತೆರೆದರೆ ಪರದೆಯ ತುಂಬ ಬೆಳಿಗ್ಗೆಯಿಂದಲೂ ಕೆಂಪು ಸಾಲು. ಯಾರೋ ಕೇಳಿದ್ದಾರೆ, ಪೆಟ್ಟಿಗೆ ಇಲ್ಲ ಎಂದಿದೆ. ಒಂದು ನಿಮಿಷ ಬಿಟ್ಟು ಮತ್ತೆ. ಪ್ರತಿ ನಿಮಿಷವೂ ಅದೇ ವಿಳಾಸ, ಅದೇ ಹಳೆಯ ಪದ. ಬೀಗದಮ್ಮ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದೆನೇ? ಇಷ್ಟು ವರ್ಷ ಒಳಗೇ ಕೂತು ನೋಡುತ್ತಿದ್ದವನು ಯಾವನು?

ವಿಳಾಸ ಹಿಡಿದು ಪೆಟ್ಟಿಗೆ ಹುಡುಕಿದಳು, ಪೆಟ್ಟಿಗೆಯಲ್ಲಿ ತೂತು ಹುಡುಕಿದಳು. ಹದಿನಾಲ್ಕನೇ ತೂತಿನಿಂದ ಹೊರಟ ಕೇಬಲ್ಲು ಗೋಡೆ ಹತ್ತಿ, ಗೋದಾಮಿನ ಬೆನ್ನಿಗಿದ್ದ ಮೆಟ್ಟಿಲ ಪಕ್ಕದಲ್ಲೇ ಮೇಲೆ ಹೋಗಿತ್ತು. ಇಪ್ಪತ್ತೆರಡು ಮೆಟ್ಟಿಲು. ಮೇಲಿದ್ದದ್ದು ಕ್ಯಾಂಟೀನು. ಕೇಬಲ್ಲು ಬ್ರೆಡ್ಡಿನ ಡಬ್ಬಗಳ ಹಿಂದೆ ಹಾಯ್ದು ಒಂದು ಮುದಿ ಕಂಪ್ಯೂಟರಿಗೆ ಹೊಕ್ಕಿತ್ತು. ಅದರ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದವಳು ಅವಳ ಸ್ವಂತ ಚಿಕ್ಕಮ್ಮ.

"ಬಂದೆಯಾ ಮಗಳೇ? ನೋಡು ಸ್ವಲ್ಪ. ಬೆಳಿಗ್ಗೆಯಿಂದ ನನ್ನ ದೀಪಗಳು ಸತ್ತಿವೆ."

"ಯಾವ ದೀಪ ಚಿಕ್ಕಮ್ಮ?"

"ನಾಲ್ಕು ಲಾರಿ ಬಾಗಿಲಿಗೆ ಈ ಪರದೆ ಮೇಲೆ ನಾಲ್ಕು ದೀಪ ಕಣೆ. ಸ್ಕ್ಯಾನರ್ ಹಚ್ಚಿದರೆ ದೀಪ ಹತ್ತುತ್ತೆ, ಅಂದ್ರೆ ಲಾರಿ ಬಂತು, ನೀರಿಡು. ಆರಿಸಿದರೆ ಕೆಲಸ ಮುಗೀತು, ಸೋಸು. ಒಳಗೆ ಫೋನು ತಗೊಂಡು ಹೋಗೋ ಹಾಗಿಲ್ಲ, ಇಲ್ಲಿಂದ ಬಾಗಿಲು ಕಾಣಲ್ಲ. ಇನ್ನೇನು, ಈ ಮಂಡಿ ಇಟ್ಕೊಂಡು ಸಲಸಲಕ್ಕೂ ಇಳಿದು ಕೇಳಿಕೊಂಡು ಬರಲಾ? ಇವತ್ತಾಗಲೇ ಮೂರು ಸಲ ಆಯ್ತು. ಆದರೂ ಟೀ ಆರಿಹೋಗಿ ಬೈಸಿಕೊಂಡೆ."

ನೆಲದಲ್ಲಿ ಬಕೆಟ್ಟಿನ ಮುಂದೆ ಕೂತು ಲೋಟ ತೊಳೆಯುತ್ತಿದ್ದ ಚಿಕ್ಕಪ್ಪ ತಲೆ ಎತ್ತಲಿಲ್ಲ. ಗೋದಾಮಿನ ತಂತಿಯೆಲ್ಲ ಎಳೆದ ಮೇಸ್ತ್ರಿ ಅವನೇ. ಹೋದ ವರ್ಷ ನಿವೃತ್ತನಾಗಿ ಹೆಂಡತಿಯ ಕೈಕೆಳಗೆ ಸೇರಿದ್ದ.

"ಚಿಕ್ಕಪ್ಪ, ಇದು ನಿನ್ನ ಕೆಲಸ ತಾನೆ?"

"ಪೆಟ್ಟಿಗೆ ಜೊತೆ ಬಂದ ಪುಸ್ತಕದಲ್ಲಿ ಪಬ್ಲಿಕ್ ಅಂತ ಬರೆದಿತ್ತಮ್ಮ. ಪಾರ್ಕಿನ ಬೆಂಚಿನ ಮೇಲೂ ಹಾಗೇ ಬರೆದಿರುತ್ತೆ. ಕೂತರೆ ತಪ್ಪಾ?"

"ಅಷ್ಟಕ್ಕೂ ನಾವು ಪಬ್ಲಿಕ್ ಅಲ್ವೇನೆ?" ಎಂದಳು ಚಿಕ್ಕಮ್ಮ.

"ಇನ್ನೊಂದು ಪದ? ಪ್ರೈವೇಟ್?"

ಚಿಕ್ಕಪ್ಪನಿಗೆ ಕೋಪ ಬಂತು. "ಅದು ಪ್ರೈವೇಟ್ ಅಂತ ಬರೆದಿತ್ತಲ್ಲ! ಅದನ್ನು ಯಾಕೆ ಮುಟ್ಟಲಿ?"

ಬೀಗದಮ್ಮನಿಗೆ ನಗು ಒತ್ತರಿಸಿಕೊಂಡು ಬಂದರೂ ನಗುವ ಹೊತ್ತಾಗಿರಲಿಲ್ಲ. ಪೆಟ್ಟಿಗೆಗಳ ಪಟ್ಟಿಗೆ ಕ್ಯಾಂಟೀನನ್ನೂ ಸೇರಿಸಿದರೆ, ಅವಳು ಪರೀಕ್ಷಾವಧಿಯ ಆರನೇ ತಿಂಗಳಲ್ಲಿ ಸ್ವಂತದವರಿಗೆ ಬೇಲಿ ಸರಿಸಿದ ಹಾಗೆ. ಕೇಬಲ್ಲು ಕಿತ್ತರೆ ಚಿಕ್ಕಮ್ಮನಿಗೆ ದಿನಕ್ಕೆ ಹತ್ತು ಹನ್ನೆರಡು ಸಲ ಇಪ್ಪತ್ತೆರಡು ಮೆಟ್ಟಿಲು. ಆ ಮಂಡಿ ಅದಕ್ಕೆ ಎರಡು ತಿಂಗಳೂ ತಾಳದು. ಆಮೇಲೆ ಕ್ಯಾಂಟೀನೇ ಬಿಡಬೇಕಾಗುತ್ತದೆ.

"ಕಿತ್ತು ಬಿಡೇ," ಎಂದಳು ಚಿಕ್ಕಮ್ಮ, ಅವಳ ಮುಖ ನೋಡಿ. "ನಿನ್ನ ಕೆಲಸ ಮೊದಲು. ನನಗೇನು, ದೇವರು ಕೊಟ್ಟ ಇನ್ನೊಂದು ಮಂಡಿ ಇದೆ."

"ಸುಮ್ನಿರು ಚಿಕ್ಕಮ್ಮ. ಯೋಚನೆ ಮಾಡ್ತಿದೀನಿ."

ನೆರೆಮನೆಯವರು ಸಕ್ಕರೆ ಕೇಳಿದರೆ ಯಾರೂ ಉಗ್ರಾಣದ ಕೀಲಿ ಕೊಟ್ಟು ಕಳಿಸುವುದಿಲ್ಲ. ಒಂದು ಲೋಟದಲ್ಲಿ ತಂದು ಕಿಟಕಿಯಿಂದ ಕೊಡುತ್ತಾರೆ. ಚಿಕ್ಕಮ್ಮನಿಗೆ ಬೇಕಾದದ್ದು ಪೆಟ್ಟಿಗೆಯಲ್ಲ, ನಾಲ್ಕು ದೀಪ. ಅವುಗಳ ಸುದ್ದಿ ನಿಗಾ ಕಂಪ್ಯೂಟರಿಗೆ ಹೇಗೂ ಬರುತ್ತದೆ. ಅದೇ ಕಿಟಕಿಯಿಂದ ಕೊಡಲಿ.

ಮೊದಲು ಕ್ಯಾಂಟೀನಿನ ಕೇಬಲ್ಲು ನಿಗಾ ಕಂಪ್ಯೂಟರಿನ ತನಕ ಮಾತ್ರ ಹೋಗಬೇಕು, ಪೆಟ್ಟಿಗೆಗಳ ಕಡೆ ತಲೆ ಹಾಕಬಾರದು ಎಂದು ಕಟ್ಟಿದಳು. ಆಮೇಲೆ ನಿಗಾ ಕಂಪ್ಯೂಟರಿನಲ್ಲಿ ಚಿಕ್ಕಮ್ಮನಿಗೊಂದು ಖಾತೆ ತೆರೆದಳು: ನೋಡಬಹುದು, ಮುಟ್ಟುವಂತಿಲ್ಲ, ನೋಡುವುದೂ ನಾಲ್ಕು ಬಾಗಿಲು, ಐದನೆಯದಿಲ್ಲ.

"ಈಗ ನಿನ್ನದೇ ಒಂದು ಗುಟ್ಟಿನ ಪದ ಹಾಕು ಚಿಕ್ಕಮ್ಮ. ನನಗೂ ಹೇಳಬೇಡ."

ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಂಡು, ಬಗ್ಗಿ, ಒಂದು ಬೆರಳಲ್ಲಿ ಕುಟ್ಟಿದಳು. ಚಿಕ್ಕಪ್ಪ ಇಣುಕಿದ. "ಲೋಟ ತೊಳೀರಿ," ಎಂದಳು.

ಇನ್ನು ದಾಖಲೆ ಪುಸ್ತಕ. ಯಾರು, ಏನು ನೋಡುತ್ತಾರೆ, ಏನು ಬದಲಾಯಿಸಬಹುದು, ಯಾಕೆ. 'ಕಾರಣ' ಎಂಬ ಕಡೆ ಬೀಗದಮ್ಮ ಅರೆಗಳಿಗೆ ಪೆನ್ನು ಕಚ್ಚಿ, 'ಟೀ' ಎಂದು ಬರೆದಳು. ಕೆಳಗೆ, 'ಇವರು ನನ್ನ ಚಿಕ್ಕಮ್ಮ' ಎಂದೂ ಬರೆದಳು. ನಮ್ಮವರು ಎಂದ ಮೇಲೆ ನಮ್ಮ ರುಜು ಸಾಲದು. ಲಾರಿ ಬಾಗಿಲಿನ ಮೇಲ್ವಿಚಾರಕನ ಹತ್ತಿರ ಹೋಗಿ ಪುಸ್ತಕ ಚಾಚಿದಳು. ಬೆಳಿಗ್ಗೆಯಿಂದ ತಣ್ಣನೆ ಟೀ ಕುಡಿದಿದ್ದ ಆ ಮನುಷ್ಯ ಓದುವ ಮೊದಲೇ ರುಜು ಹಾಕಿದ.

"ಓದಿ ಹಾಕಿ ಸಾರ್."

ಓದಿದ. ಪಕ್ಕದಲ್ಲಿ ತಾನೂ ಒಂದು ಸಾಲು ಸೇರಿಸಿದ: 'ಟೀ ಆರಿದರೆ ಲಾರಿ ತಡ.'

ತಪಾಸಣೆಯವರು ಮೂರಕ್ಕೆ ಸರಿಯಾಗಿ ಬಂದರು. ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಕನ್ನಡಕ ಒರೆಸಿಕೊಂಡು ಪುಸ್ತಕ ಓದಿದವರು ಟೀ ಸಾಲಿಗೆ ಬಂದು ನಿಂತರು.

"ಇದೇನು ತಮಾಷೆಯಾ?"

"ಇಲ್ಲ ಸಾರ್. ಬನ್ನಿ, ತೋರಿಸ್ತೀನಿ."

ಇಪ್ಪತ್ತೆರಡು ಮೆಟ್ಟಿಲು ಹತ್ತುವಷ್ಟರಲ್ಲಿ ಅವರಿಗೇ ಏದುಸಿರು ಬಂದಿತ್ತು. ಅರ್ಧ ಕಾರಣ ಅಲ್ಲೇ ಅರ್ಥವಾಗಿರಬೇಕು. ಆದರೂ ಬಿಡುವವರಲ್ಲ. ಮುದಿ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಪೆಟ್ಟಿಗೆಯನ್ನು ಹಳೆಯ ಪದದಿಂದ ಕರೆದರು. ಒಂದೂ ಓಗೊಡಲಿಲ್ಲ. ಚಿಕ್ಕಮ್ಮನ ಪುಟದಲ್ಲಿ ಸಿಕ್ಕಿದ್ದನ್ನೆಲ್ಲ ಒತ್ತಿದರು. ನಾಲ್ಕು ದೀಪ ತೆಪ್ಪಗೆ ಕೂತಿದ್ದವು.

ಕೊನೆಗೆ ಚಿಕ್ಕಮ್ಮನ ಕಡೆ ತಿರುಗಿ, ಏನೂ ತಿಳಿಯದವರ ಹಾಗೆ ಕೇಳಿದರು: "ಅಮ್ಮಾ, ಇದಕ್ಕೆ ಗುಟ್ಟಿನ ಪದ ಏನಿಟ್ಟಿದ್ದೀರಿ?"

ಚಿಕ್ಕಮ್ಮ ಕೇಳಿದವರಿಗೆ ಇಲ್ಲ ಎಂದವಳಲ್ಲ. ಅಡುಗೆಯ ಗುಟ್ಟಿನಿಂದ ಹಿಡಿದು ಮಂಡಿಯ ಗುಟ್ಟಿನ ತನಕ ಎಲ್ಲವನ್ನೂ ಕರೆದು ಕೂರಿಸಿ ಹೇಳುವವಳು.

ಚಿಕ್ಕಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಕಟ್ಟಿಕೊಂಡ ಗಂಡನಿಗೇ ಹೇಳಿಲ್ಲ. ನಿಮಗೆ ಹೇಳ್ತೀನಾ?"

ತಪಾಸಣೆಯವರು ಮೊದಲ ಬಾರಿಗೆ ನಕ್ಕು, ಪುಸ್ತಕದ ಆ ಸಾಲಿಗೆ ಗುರುತು ಹಾಕಿದರು. ಅಷ್ಟರಲ್ಲಿ ಎರಡನೇ ದೀಪ ಆರಿತು. "ಎರಡನೇ ಬಾಗಿಲು ಮುಗೀತು," ಎನ್ನುತ್ತಾ ಚಿಕ್ಕಮ್ಮ ಪಾತ್ರೆ ಎತ್ತಿ ಸೋಸತೊಡಗಿದಳು. ಮೊದಲ ಲೋಟ ತಪಾಸಣೆಯವರ ಕೈಗೇ ಬಂತು, ಹಬೆಯಾಡುತ್ತಾ.

"ಇಷ್ಟು ವರ್ಷದ ಸಂಸಾರ," ಎಂದು ಚಿಕ್ಕಪ್ಪ ಬಕೆಟ್ಟಿನ ಕಡೆ ಮುಖ ಮಾಡಿ ಗೊಣಗಿದ, "ಒಂದು ಪದ ಹೇಳಲಿಲ್ಲ ನೋಡಿ ಸ್ವಾಮಿ."

"ಪ್ರೈವೇಟ್ ಕಣ್ರೀ," ಎಂದಳು ಚಿಕ್ಕಮ್ಮ.