ಹಿಡಿದು ನೋಡಬೇಕಾದ ಹಲ್ಲು

ಉಚ್ಚೀರಪ್ಪನಿಗೆ ಕುರಿಯ ಬಗ್ಗೆ ತಿಳಿಯದ್ದಿಲ್ಲ, ಕಂಪ್ಯೂಟರಿನ ಬಗ್ಗೆ ತಿಳಿದದ್ದಿಲ್ಲ. ಆದರೂ ಮಗಳು ಹಾರಿಕಾಳ ಮುಖ ನೋಡಿದರೆ ಸಾಕು, ಕೆಲಸ ಕೆಟ್ಟಿದೆಯೆಂದು ಗೊತ್ತಾಗುತ್ತಿತ್ತು. ಅವತ್ತು ಊರು ಕೋಸಗಿಯಿಂದ ಅವಳಿಗೆ ರೊಟ್ಟಿಬುತ್ತಿ ಹಿಡಿದು ಆದೋನಿಯ ಸ್ಕ್ಯಾನಿಂಗ್ ಸೆಂಟರಿಗೆ ಬಂದಾಗ ಆ ಮುಖ ಸುಟ್ಟ ಬದನೆಕಾಯಿಯಂತಿತ್ತು.

ಅಲ್ಲಿನ ಸ್ಕ್ಯಾನುಗಳನ್ನು ಜೋಪಾನ ಮಾಡುವ ಸಾಫ್ಟ್‌ವೇರು ಹಾರಿಕಾಳೇ ಬರೆದದ್ದು, ಅವಳಿಗೆ ಸಿಕ್ಕ ಮೊದಲ ಸ್ವಂತ ಕೆಲಸ. ಡಿಸ್ಕುಗಳನ್ನು ಒಂದೊಂದಾಗಿ ತೆರೆದು ಎಷ್ಟು ಜಾಗವಿದೆಯೆಂದು ನೋಡಬೇಕಾದ ಆ ದರಿದ್ರದ್ದು ವಾರದಲ್ಲಿ ಎರಡು ಸಲ ನಿಂತುಬಿಟ್ಟಿತ್ತು. "ಮೂರು ಗಂಟಿಗೆ ಬಂದು ನೋಡ್ತೀನಿ. ಮತ್ತ ನಿಂತರ ಕರ್ನೂಲಿನ ಕಂಪ್ಯೂಟರಿನವರನ್ನ ಕರಸ್ತೀನಿ," ಎಂದು ಸೆಂಟರಿನ ಡಾಕ್ಟರ್ ಉಮಾಮಹೇಶ್ವರಿ ಹೇಳಿ ಹೋಗಿದ್ದರು.

"ಏನಾಗೈತವ್ವ?"

"ಡಿಸ್ಕು ಅಂತ ತೆರೆಯೋ ಕೆಲವು ಫೈಲು ಡಿಸ್ಕಽ ಅಲ್ಲಪ್ಪ, ಬರೇ ಪೈಪಿನ ಬಾಯಿ. ತೆರೆದರ, ಆ ಕಡಿಯಿಂದ ಯಾರಾನ ಏನಾನ ಹಾಕಲಿ ಅಂತ ಕಾಯ್ಕೋತ ಕುಂದರ್ತೈತಿ. ಆ ಕಡಿ ಯಾರೂ ಇರಲ್ಲ."

"ಬೀಗರು ಊಟಕ್ಕ ಕರೀಲಿ ಅಂತ ಕುಂತಂಗ."

"ಹೂಂ. ಅದಕ್ಕ, ತೆರೆಯೋಕಿಂತ ಮುಂಚೆ ಡಿಸ್ಕು ಹೌದಾ ನೋಡು ಅಂತ ಬರೆದೆ. ನೋಡ್ತೈತಿ, ಹೌದು ಅಂತೈತಿ. ತೆರೆಯೋ ಹೊತ್ತಿಗೆ ಇನ್ನೊಂದು ಪ್ರೋಗ್ರಾಮು ಅದನ್ನ ತೆಗೆದು, ಅದಽ ಹೆಸರಿನಾಗ ಪೈಪು ಇಟ್ಟಿರ್ತೈತಿ."

ಈ ಮೋಸ ಉಚ್ಚೀರಪ್ಪನಿಗೆ ಚೆನ್ನಾಗಿ ಗೊತ್ತು. ಎರಡು ವರ್ಷದ ಹಿಂದೆ ಸಂತೆಯಲ್ಲಿ ವಯಸ್ಸು ತಿಳಿಯಲು ಒಂದು ಟಗರಿನ ಹಲ್ಲು ನೋಡಿ, ಭೇಷ್ ಎಂದು, ರುಮಾಲು ಸುತ್ತಿಕೊಳ್ಳಲು ಕೈ ಬಿಟ್ಟಿದ್ದ. ಅಷ್ಟರಲ್ಲಿ ವ್ಯಾಪಾರಿ ಯರ್ರೆಪ್ಪ ಅದೇ ಬಣ್ಣದ ಬೊಚ್ಚುಬಾಯಿಯ ಮುದಿ ಟಗರನ್ನು ಹಗ್ಗಕ್ಕೆ ಕಟ್ಟಿದ್ದ. ಮನೆಯಲ್ಲಿ ಹೆಂಡತಿ ಗಾದಿಲಿಂಗಮ್ಮ ಕೇಳಿದ್ದಕ್ಕೆ, ದಾರಿಯಲ್ಲಿ ಕಲ್ಲು ಕಡಿದು ಹಲ್ಲು ಉದುರಿದವು ಎಂದಿದ್ದ. ಕುರಿಯವನೇ ಕುರಿಯಲ್ಲಿ ಮೋಸ ಹೋದನೆಂದರೆ ಊರಲ್ಲಿ ತಲೆ ಎತ್ತುವುದುಂಟೇ?

ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಮಗಳ ಕಣ್ಣು ತುಂಬಿದ್ದವು. ಹಾಳಾಗಿ ಹೋಗಲಿ ಮಾನ ಎಂದುಕೊಂಡು ಎಲ್ಲವನ್ನೂ ಹೇಳಿಬಿಟ್ಟ.

"ನೋಡಿ ಹಿಡಿಯೋದಲ್ಲವ್ವ. ಮೊದಲು ಕಾಲು ಹಿಡಿ. ಹಿಡಕಂಡಽ ಹಲ್ಲು ನೋಡು. ನೋಡೋ ತನಕ ಕೈ ಬಿಡಬ್ಯಾಡ."

"ಹಿಡಿಯಾಕ ಹೋಗಿ ಕಾಯ್ಕೋತ ಕುಂತರ?"

"ನಾ ಕಾಯಲ್ಲ ಅಂತ ಮೊದಲಽ ಹೇಳಿ ಹಿಡಿ."

ಹಾರಿಕಾ ಅಪ್ಪನನ್ನೇ ಒಂದು ಗಳಿಗೆ ನೋಡಿ ಕೀಬೋರ್ಡಿಗೆ ಬಿದ್ದಳು. ಕಾಯದೆ ತೆರೆ, ತೆರೆದದ್ದನ್ನು ಬಿಡದೆ ಅದನ್ನೇ ಪರೀಕ್ಷಿಸು, ಡಿಸ್ಕು ಅಲ್ಲದಿದ್ದರೆ ಮುಚ್ಚಿ ಮುಂದೆ ನಡೆ ಎಂದು ಬರೆದಳು. ಮೂರು ಗಂಟೆಗೆ ಡಾಕ್ಟರ ಎದುರು ಪ್ರೋಗ್ರಾಮು ಪೈಪುಗಳನ್ನೆಲ್ಲ ಮೂಸಿ ಬಿಟ್ಟು, ಡಿಸ್ಕುಗಳನ್ನಷ್ಟೇ ನೋಡಿ ಮುಗಿಸಿತು.

"ಕರ್ನೂಲಿನವರು ಬ್ಯಾಡ ಬಿಡಮ್ಮ," ಎಂದರು ಡಾಕ್ಟರು.

ಉಚ್ಚೀರಪ್ಪನ ಹೊಟ್ಟೆಯಲ್ಲಿ ಹೆಮ್ಮೆ ನಿಲ್ಲಲಿಲ್ಲ. ಕೋಸಗಿಯಲ್ಲಿ ರೈಲು ಇಳಿದವನೇ ಮನೆಗೆ ಬಂದು, ಕಾಲು ತೊಳೆಯುವ ಮುಂಚೆಯೇ, ತಾನು ಕಂಪ್ಯೂಟರಿಗೆ ಬುದ್ಧಿ ಕಲಿಸಿದ ಕಥೆಯನ್ನು ಹೆಂಡತಿಗೆ ಮೊದಲಿಂದ ಹೇಳತೊಡಗಿದ. ಯರ್ರೆಪ್ಪನ ಹೆಸರು ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡ.

ಗಾದಿಲಿಂಗಮ್ಮ ಒಲೆಯ ಮೇಲಿನ ಗಂಜಿ ತಿರುವುತ್ತಲೇ ಇದ್ದಳು. "ನನಗ ಅವತ್ತಽ ಗೊತ್ತಾಗಿತ್ತು," ಎಂದಳು. "ಎರಡು ವರ್ಷದಿಂದ ಇದನ್ನ ಆ ಮುದಿ ಟಗರಿಗಲ್ಲದ ಇನ್ಯಾರಿಗೆ ಕುದಿಸ್ತೀನಿ ಅನಕಂಡಿದ್ದಿ?"