ಸೋಮವಾರದ ಎಣಿಕೆ

ನಲವತ್ತೆಂಟು ಊರುಗಳ ಹೆಸರನ್ನು ಚೀಟಿಯಲ್ಲಿ ಬರೆದು, ತಾಮ್ರದ ಕೊಡದೊಳಗೆ ಹಾಕಿ, ಕಣ್ಣು ಮುಚ್ಚಿ ಇಪ್ಪತ್ನಾಲ್ಕನ್ನು ಎತ್ತಿದವಳು ದಾನೇಶ್ವರಿಯೇ. ಚೀಟಿ ಎದ್ದ ಊರಿಗೆ ಸಂಜೆ ಶಾಲೆ ಬಂತು, ಏಳದ ಊರಿಗೆ ಬರಲಿಲ್ಲ. ಕೊಡದಲ್ಲೇ ಉಳಿದ ಊರುಗಳ ನೆನಪಾದಾಗ ಅವಳಿಗೆ ಪಂಕ್ತಿಯಲ್ಲಿ ಕೂತವರಿಗೆ ಎಲೆ ಹಾಕದೆ ಮುಂದೆ ಹೋದಂತೆ ಅನ್ನಿಸುತ್ತಿತ್ತು. ಆದರೆ ಸಂಶೋಧನೆಯ ರೀತಿಯೇ ಅದು. ಇದ್ದದ್ದನ್ನು ಇಲ್ಲದ್ದರ ಪಕ್ಕದಲ್ಲಿ ಇಟ್ಟು ನೋಡಿದಾಗಲೇ ಇದ್ದದ್ದರ ಬೆಲೆ ತಿಳಿಯುವುದು.

ಬಾಗಲಕೋಟೆಯ ಒಂದು ಸಣ್ಣ ಸಂಶೋಧನಾ ಸಂಸ್ಥೆಯಲ್ಲಿ ಅವಳು ಶಿಕ್ಷಣದ ಅರ್ಥಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಹೊಲಕ್ಕೆ ಹೋಗುವ ಮಕ್ಕಳನ್ನು ಸಂಜೆ ಎರಡು ತಾಸು ಕೂರಿಸಿ ಓದಿಸಿದರೆ, ಅವರು ಹಗಲು ಶಾಲೆಗೂ ಹೆಚ್ಚಾಗಿ ಬರುತ್ತಾರೆಯೇ ಎಂಬುದು ಅವಳ ಪ್ರಶ್ನೆ. ಒಂದು ಟ್ರಸ್ಟು ವರ್ಷದ ಮಟ್ಟಿಗೆ ನೆರವು ಕೊಟ್ಟಿತ್ತು. ಫಲ ಕಂಡರೆ ನಲವತ್ತೆಂಟೂ ಊರಿಗೆ ಮೂರು ವರ್ಷ ಸಂಜೆ ಶಾಲೆ, ಕಾಣದಿದ್ದರೆ ಇದ್ದ ಇಪ್ಪತ್ನಾಲ್ಕೂ ಬಂದ್.

ಹಾಜರಿ ಪುಸ್ತಕವನ್ನು ನಂಬುವಂತಿರಲಿಲ್ಲ. ಅದರಲ್ಲಿ ಜ್ವರ ಬಂದವನೂ ಹಾಜರು, ಅಜ್ಜಿಯ ಊರಿಗೆ ಹೋದವಳೂ ಹಾಜರು. ಹಾಗಾಗಿ ಹೇಳದೆ ಕೇಳದೆ ಶಾಲೆಗೆ ಹೋಗಿ ತಲೆ ಎಣಿಸಿ ಬರಬೇಕೆಂದು ನಿಶ್ಚಯವಾಯಿತು. ಸಂಜೆ ಶಾಲೆ ಇರುವ ಊರುಗಳಿಗೆ ಹೋದವನು ಯಮನಪ್ಪ. ಹುನಗುಂದದ ಕಡೆಯ ಒಕ್ಕಲಿಗ, ಹತ್ತನೇ ಇಯತ್ತೆ ಪಾಸಾದವ, ಸ್ವಂತ ಮೋಟಾರ್ ಸೈಕಲ್ಲು ಇದ್ದವ. ಆ ಊರುಗಳಿಗೆ ಪಾಟಿ ಪುಸ್ತಕ ಮುಟ್ಟಿಸಿದವನೂ ಅವನೇ ಆದ್ದರಿಂದ ದಾರಿಯೆಲ್ಲ ಗೊತ್ತಿತ್ತು. ಉಳಿದ ಊರುಗಳಿಗೆ ದಾನೇಶ್ವರಿ ತಾನೇ ಬಸ್ಸು ಹಿಡಿದು ಹೋದಳು. ಆಷಾಢದಿಂದ ಭಾದ್ರಪದದವರೆಗೆ ಎಣಿಸಿ ಕೂಡಿಸಿದಾಗ, ಸಂಜೆ ಶಾಲೆಯ ಊರುಗಳಲ್ಲಿ ನೂರಕ್ಕೆ ಎಂಬತ್ತೊಂದು ಮಕ್ಕಳು ಶಾಲೆಯಲ್ಲಿದ್ದರು, ಉಳಿದ ಊರುಗಳಲ್ಲಿ ಅರವತ್ತೆರಡು. ಅವಳ ಮಾರ್ಗದರ್ಶಕರಾದ ವಿಜಯಮಹಾಂತೇಶ ಸರ್ ಆ ಅಂಕಿಯನ್ನು ಎರಡು ಸಲ ಓದಿಸಿಕೊಂಡು ಕೇಳಿ, ಮೂರನೆಯ ಸಲ ತಾವೇ ಜೋರಾಗಿ ಓದಿದರು. ಟ್ರಸ್ಟಿನವರು ಮುಂದಿನ ವಾರದ ಶುಕ್ರವಾರ ಬರುವವರಿದ್ದರು.

ಪ್ರತಿ ಸೋಮವಾರ ಸರ್ ಅವರ ಮುಂದೆ ಕೂತು ವಾರದ ಕೆಲಸ ಒಪ್ಪಿಸುವುದು ಅವಳ ಪದ್ಧತಿ. ಆ ಸೋಮವಾರ ಸರ್ ಧಾರವಾಡಕ್ಕೆ ಹೋಗಿದ್ದರು. ಯಮನಪ್ಪನ ಕೆಲವು ಹಾಳೆಗಳಿಗೆ ಸಹಿ ಬಿಟ್ಟುಹೋಗಿತ್ತು, ಹಾಕಿಸಿಕೊಂಡು ಬರೋಣವೆಂದು ಅವಳು ಅವನ ಊರಿಗೆ ಹೋದಳು.

ಯಮನಪ್ಪ ಹಳ್ಳದಲ್ಲಿ ಎತ್ತಿನ ಮೈ ತೊಳೆಯುತ್ತಿದ್ದ. ಅವಳನ್ನು ಕಂಡು ಮೇಲೆ ಬಂದು, ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಚಲೋ ದಿನಾನೇ ಬಂದಿರಿ, ನಾಳೆ ಬಂದಿದ್ದರೆ ನಾನು ಕೈಗೆ ಸಿಗುತ್ತಿರಲಿಲ್ಲ, ಕೂರಿಗೆ ಹೂಡುವವನಿದ್ದೇನೆ ಎಂದ. ಹಿಂಗಾರಿ ಬಿತ್ತನೆಯ ಹೊತ್ತು ಅದು.

"ಹಂಗಾದ್ರ ಇಷ್ಟೆಲ್ಲಾ ಊರು ಯಾವಾಗ ತಿರಗಿದಿ ಕಾಕಾ? ಕೆಲಸದ ದಿನದಾಗ ಹ್ಯಾಂಗ ಬಿಡುವಾತು ನಿನಗ?"

"ಏ, ಕೆಲಸದ ದಿನ ಯಾವಾಗ ಹೋಗೀನ್ರಿ ಅಕ್ಕಾರ? ಸೋಮಾರಕ್ಕ ಸೋಮಾರ ಹೋಗೀನಿ. ಅವತ್ತ ಹೆಂಗೂ ಗಳೇ ಹೂಡಂಗಿಲ್ಲ, ಎತ್ತಿಗೂ ಸೂಟಿ, ನನಗೂ ಸೂಟಿ. ಒಂದ ಸೋಮಾರ ಎರಡೆರಡು ಊರು ಮುಗಿಸೀನಿ."

ಅವನು ಸಹಿ ಹಾಕಿದ. ಅವಳು ಹಾಳೆಗಳನ್ನು ಚೀಲಕ್ಕೆ ಹಾಕಿ, ಚಹಾ ಕುಡಿದು, ಹೊರಟಳು. ಬಸ್ ನಿಲ್ದಾಣದವರೆಗೂ ಏನೂ ಹೊಳೆಯಲಿಲ್ಲ. ಬಸ್ಸು ಕೂಡಲಸಂಗಮದ ಕ್ರಾಸಿನಲ್ಲಿ ನಿಂತು, ಯಾತ್ರಿಕರು ಹತ್ತಿ, ಸೀಟಿಗಾಗಿ ಗುದ್ದಾಡುತ್ತಿದ್ದಾಗ ಅವನ ಮಾತಿನ ಅರ್ಥ ಅವಳಿಗೆ ಹೊಳೆಯಿತು. ಸೋಮವಾರ ಎತ್ತಿಗೆ ಸೂಟಿ ಎಂದರೆ ಹೊಲಕ್ಕೇ ಸೂಟಿ. ಬೆಳೆಯ ಸಾಲಿನ ಕಳೆ ತೆಗೆಯಲು ಎಡೆ ಹೊಡೆಯುವಾಗ ಎತ್ತಿನ ಮುಂದೆ ಹಗ್ಗ ಹಿಡಿಯುವ ಹುಡುಗನಿಗೆ ಅವತ್ತು ಕೆಲಸವಿಲ್ಲ. ಕೂರಿಗೆಯ ಹಿಂದೆ ಬೀಜ ಬಿಡುವ ಅವ್ವ ಮನೆಯಲ್ಲಿ ಇರುವುದರಿಂದ ಕೂಸು ನೋಡಿಕೊಳ್ಳುವ ಹುಡುಗಿಗೂ ಬಿಡುಗಡೆ. ವಾರವೆಲ್ಲ ಬಾರದ ಮಕ್ಕಳು ಸೋಮವಾರ ಶಾಲೆಗೆ ಬರುತ್ತಾರೆ. ಸಂಜೆ ಶಾಲೆ ಇದ್ದ ಊರಲ್ಲೂ ಬರುತ್ತಾರೆ, ಇಲ್ಲದ ಊರಲ್ಲೂ ಬರುತ್ತಾರೆ. ಅವಳು ಮಾತ್ರ ಒಂದು ಸೋಮವಾರವೂ ಊರಿಗೆ ಹೋಗಿರಲಿಲ್ಲ. ಸೋಮವಾರ ಅವಳು ಸರ್ ಅವರ ಎದುರು ಕೂತಿರುತ್ತಿದ್ದಳು.

ಹಾಳೆಗಳಲ್ಲಿ ತಾರೀಖಿತ್ತು, ವಾರವಿರಲಿಲ್ಲ. ಸಂಸ್ಥೆಗೆ ಬಂದು ಅವನ ಎಲ್ಲ ಹಾಳೆ ಹರಡಿ, ಮೊಬೈಲಿನ ಕ್ಯಾಲೆಂಡರು ತೆಗೆದು ಒಂದೊಂದನ್ನೇ ತಾಳೆ ನೋಡಿದಳು. ಇಪ್ಪತ್ನಾಲ್ಕಕ್ಕೆ ಇಪ್ಪತ್ನಾಲ್ಕೂ ಸೋಮವಾರ.

ಪರವೂರಿನ ಸಂಶೋಧಕನಿಗೆ ಇದು ಗೊತ್ತಾಗದಿದ್ದರೆ ಒಂದು ಮಾತು. ಇವಳೋ ಅಜ್ಜಿ ಸಿದ್ದಲಿಂಗವ್ವನ ತೊಡೆಯ ಮೇಲೆ ಈ ಕಥೆ ಕೇಳಿಯೇ ಬೆಳೆದವಳು. ಒಂದಾನೊಂದು ಕಾಲಕ್ಕೆ ಎತ್ತು ಶಿವನ ಹತ್ತಿರ ಹೋಗಿ, ಏಳು ದಿನದಲ್ಲಿ ನನ್ನದು ಯಾವುದಪ್ಪಾ ಎಂದು ಕೇಳಿತಂತೆ. ಶಿವ ಆರು ದಿನ ಒಕ್ಕಲಿಗನಿಗೆ ಬಿಟ್ಟು ತನ್ನ ದಿನವನ್ನೇ ಅದಕ್ಕೆ ಕೊಟ್ಟನಂತೆ. ಆಸೆಬುರುಕನೊಬ್ಬ ಸೋಮವಾರವೂ ಗಳೇ ಹೂಡಿದನಂತೆ, ಹೂಡಿದ ನೊಗ ಅಲ್ಲೇ ಬೇರು ಬಿಟ್ಟು ಜಾಲಿಮರವಾಗಿ ನಿಂತಿತಂತೆ. ಕಥೆ ಇಷ್ಟು ಮೈಗೂಡಿದ್ದಕ್ಕೇ ಅದು ಅವಳ ಕಣ್ಣಿಗೆ ಬೀಳಲಿಲ್ಲ. ಉಸಿರಾಡುವುದನ್ನು ಯಾರಾದರೂ ಬರೆದಿಡುತ್ತಾರೆಯೇ?

ಸಂಸ್ಥೆಯಲ್ಲಿ ಅವಳ ಪಕ್ಕದ ಕೋಣೆಯಲ್ಲಿ ತೌಸಿಫ ಕೂರುತ್ತಿದ್ದ. ಕಂಪ್ಯೂಟರಿನೊಳಗೇ ಅಣುಗಳನ್ನು ಕಟ್ಟಿ, ಅವುಗಳ ಎಲೆಕ್ಟ್ರಾನುಗಳ ಲೆಕ್ಕ ಹಾಕಿ, ಯಾವ ಬಣ್ಣ ನೂಲಿಗೆ ಗಟ್ಟಿಯಾಗಿ ಹಿಡಿಯುತ್ತದೆಂದು ಹೇಳುವ ರಸಾಯನಶಾಸ್ತ್ರ ಅವನದು. ಇಳಕಲ್ಲಿನ ನೇಕಾರರ ಮನೆತನದವ. ಅವಳು ಎಲ್ಲವನ್ನೂ ಹೇಳಿದಾಗ ಅವನು ಮೊದಲು ನಕ್ಕ.

"ನಿಮ್ಮ ಮಕ್ಕಳಿಗಿಂತ ನಮ್ಮ ಎಲೆಕ್ಟ್ರಾನ ಚಲೋ ನೋಡ್ರಿ. ಸೋಮಾರ, ಮಂಗಳಾರ ಅನ್ನಂಗಿಲ್ಲ."

ಅವಳು ನಗಲಿಲ್ಲ. ಅವನು ನಗು ಬಿಟ್ಟು, ಹೋದ ವರ್ಷ ತಾನು ಮೊದಲಿಗೇ ಒಂದು ಸಂಖ್ಯೆ ತಪ್ಪು ಕೊಟ್ಟಿದ್ದನ್ನೂ, ಯಂತ್ರ ಮೂರು ತಿಂಗಳು ದುಡಿದು ಬಹಳ ಚಂದದ ಉತ್ತರವನ್ನೇ ಕೊಟ್ಟಿದ್ದನ್ನೂ, ಅದನ್ನೆಲ್ಲ ತಾನೇ ಅಳಿಸಿ ಹಾಕಿದ್ದನ್ನೂ ಹೇಳಿದ. ನಿನ್ನ ಅಣುಗಳಿಗೆ ಶಾಲೆ ಬಂದಾಗುವುದಿಲ್ಲವಲ್ಲ ಎಂದಳು ಅವಳು.

ಅನುಮಾನ ಅನುಮಾನವಾಗಿಯೇ ಉಳಿಯಲಿ ಎಂದು ಬೇಡಿಕೊಳ್ಳುತ್ತ ಅವಳು ಬುಧವಾರ, ಗುರುವಾರ ಸಂಜೆ ಶಾಲೆಯ ನಾಲ್ಕು ಊರುಗಳಿಗೆ ಹೋದಳು. ನೂರಕ್ಕೆ ಅರವತ್ತು, ಅರವತ್ಮೂರು, ಅರವತ್ತೊಂದು, ಅರವತ್ತೈದು. ಮುಂದಿನ ಸೋಮವಾರ ತೌಸಿಫನ ಬೈಕು ಬೇಡಿ ತೆಗೆದುಕೊಂಡು, ಸಂಜೆ ಶಾಲೆ ಇಲ್ಲದ ಮೂರು ಊರು ನೋಡಿದಳು. ತರಗತಿಗಳು ತುಂಬಿ, ಮಕ್ಕಳು ಕಟ್ಟೆಯ ಮೇಲೂ ಕೂತಿದ್ದರು. ಎಂಬತ್ತು, ಎಪ್ಪತ್ತೊಂಬತ್ತು, ಎಂಬತ್ಮೂರು. ಒಂದು ಊರಿನ ಮಾಸ್ತರರು ಅವಳ ಮುಖ ನೋಡಿ, ಇಷ್ಟು ಮಕ್ಕಳು ಬಂದರೆ ಎಲ್ಲರೂ ಖುಷಿಪಡುತ್ತಾರೆ, ನೀವ್ಯಾಕೆ ಸಾವಿನ ಮನೆಗೆ ಬಂದಂತೆ ನಿಂತಿರಿ ಎಂದು ಕೇಳಿದರು.

ಯಮನಪ್ಪನಿಗೂ ಹೇಳದೆ ಗತಿಯಿರಲಿಲ್ಲ. ಫೋನು ಮಾಡಿ ತಿಳಿಸಿದಳು.

"ನಾ ಸುಳ್ಳ ಬರದಿಲ್ರಿ ಅಕ್ಕಾರ. ಒಂದೊಂದ ತಲಿ ಮುಟ್ಟಿ ಎಣಿಸೀನಿ."

"ಖರೆ ಐತಿ ಕಾಕಾ. ನಿಂದೇನೂ ತಪ್ಪಿಲ್ಲ. ಯಾವ ವಾರ ಹೋಗಬೇಕಂತ ನಾ ಹೇಳಬೇಕಿತ್ತು."

ಆ ಸೋಮವಾರ ಸಂಜೆಯೇ ಅವಳು ಹಿರೇಬಾವಿಗೆ ಹೋದಳು. ಅಲ್ಲಿಯ ಸಂಜೆ ಶಾಲೆ ನಡೆಸುವವಳು ರಾಧಿಕಾ, ಪಿಯುಸಿ ಮುಗಿಸಿದ ಸೊಸೆ, ಮದುವೆಯಾಗಿ ಬಂದ ಮೇಲೆ ಪುಸ್ತಕ ಹಿಡಿದದ್ದು ಇದೇ ಮೊದಲು. ಸಮುದಾಯ ಭವನದಲ್ಲಿ ಇಪ್ಪತ್ತೆರಡು ಮಕ್ಕಳು ಕೂತಿದ್ದರು. ಹನ್ನೆರಡು ವರ್ಷದ ತಬಸುಮ ಎಂಬ ಹುಡುಗಿ ಎದ್ದು ನಿಂತು ಓದುತ್ತಿದ್ದಳು, ಒಂದೊಂದು ಅಕ್ಷರವನ್ನೂ ಕಾಲಿನಿಂದ ಮುಳ್ಳು ತೆಗೆದಂತೆ ನಿಧಾನವಾಗಿ. ಇವಳು ಹಗಲು ಎಷ್ಟು ದಿನ ಶಾಲೆಗೆ ಹೋಗುತ್ತಾಳೆಂದು ದಾನೇಶ್ವರಿ ಮೆಲ್ಲಗೆ ಕೇಳಿದಳು.

"ವಾರದಾಗ ಒಂದಿನ ಹೋದ್ರ ಭಾಳಾತ್ರಿ. ಅಕಿ ಅವ್ವ ಕೂಲಿಗೆ ಹ್ವಾದ್ರ ತಮ್ಮನ್ನ ಯಾರ ಹಿಡೀಬೇಕು? ಹಗಲ ಹೋಗಲಾರದವ್ರ ನನ್ನ ಕಡೆ ಬರೂದು. ವರ್ಷದ ಹಿಂದ ತನ್ನ ಹೆಸರ ಬರೀಲಿಕ್ಕೂ ಬರ್ತಿರಲಿಲ್ಲ ಅಕಿಗೆ."

ದಾನೇಶ್ವರಿ ಗೋಡೆಗೆ ಒರಗಿದಳು. ಸಂಜೆ ಶಾಲೆ ಮಾಡಿದ ಕೆಲಸ ಇಲ್ಲಿ ಎದುರಿಗೇ ನಿಂತು ಓದುತ್ತಿತ್ತು. ಅದನ್ನು ಅಳೆಯಬೇಕೆಂದು ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. ಅಳೆದದ್ದು ಹಗಲಿನ ಹಾಜರಿಯನ್ನು. ಅದರ ಮೇಲೆ ಸಂಜೆ ಶಾಲೆಯ ನೆರಳೂ ಬಿದ್ದಿರಲಿಲ್ಲ.

ಮರುದಿನ ಸರ್ ಅವರ ಮುಂದೆ ಎಲ್ಲ ಹಾಳೆ ಹರಡಿದಳು. ಸರ್ ಕೆಟ್ಟವರಲ್ಲ. ಮೂವತ್ತು ವರ್ಷ ಹಳ್ಳಿ ಶಾಲೆಗಳಿಗಾಗಿ ಚಪ್ಪಲಿ ಸವೆಸಿದವರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕಣ್ಣು ಒತ್ತಿಕೊಂಡರು.

"ನೋಡವಾ, ಶುಕ್ರವಾರ ದಾಟಲಿ. ಮುಂದಿನ ವರ್ಷ ಸರಿಯಾಗಿ ಎಣಿಸೂಣು. ಈಗ ಹೇಳಿದ್ರ ಇಪ್ಪತ್ನಾಲ್ಕೂ ಸಾಲಿ ಬಾಗಲಾ ಹಾಕ್ತಾವು. ಅದರಿಂದ ಯಾರಿಗೆ ಚಲೋ ಆತು?"

"ಮುಂದಿನ ವರ್ಷ ಸರಿಯಾಗಿ ಎಣಿಸಿದ್ರ ಅರವತ್ತ ಬರ್ತಾವ್ರಿ ಸರ್. ಆವಾಗ ರಾಧಿಕಾನಂಥಾವ್ರು ಏನೂ ಮಾಡಲಿಲ್ಲ ಅಂತಾರ. ನಮ್ಮ ತಪ್ಪು ಅವರ ತಲಿ ಮ್ಯಾಗ ಬೀಳತೈತಿ."

"ಉಂಡ ಮನಿ ಜಂತಿ ಎಣಸಬ್ಯಾಡವಾ," ಎಂದರು ಸರ್, ಇನ್ನೂ ಮೆಲ್ಲಗೆ.

ಆ ಮಾತು ಅವಳಿಗೆ ಚುಚ್ಚಿತು. ಸಂಜೆ ಶಾಲೆಯ ನಿಜವಾದ ಕೆಲಸ ಇಂಥದ್ದೆಂದು ಟ್ರಸ್ಟಿನವರಿಗೆ ತಿಳಿಸಿ ಹೇಳುತ್ತೇನೆ ಎಂದಳು. ಅವರು ಕೇಳುವುದು ಅಂಕಿಯನ್ನು, ಕಥೆಯನ್ನಲ್ಲ ಎಂದು ಸರ್ ಹಾಳೆಗಳನ್ನು ಒಟ್ಟು ಮಾಡಿ ಅವಳ ಕಡೆ ಸರಿಸಿದರು. ಹೇಳಬೇಡ ಎಂದು ಅಪ್ಪಣೆ ಮಾಡಲಿಲ್ಲ. ಮಾಡಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಎರಡು ದಿನ ಅವಳು ಅದನ್ನೇ ಯೋಚಿಸಿದಳು. ಸುಮ್ಮನಿದ್ದರೆ ಇಪ್ಪತ್ನಾಲ್ಕು ಊರಲ್ಲಿ ದೀಪ ಉರಿಯುತ್ತದೆ, ಬಾಯಿ ಬಿಟ್ಟರೆ ಆರುತ್ತದೆ, ಊದುವವಳು ತಾನು. ಯಾವ ಕಡೆಯಿಂದ ನೋಡಿದರೂ ಇಷ್ಟೇ ಕಾಣುತ್ತಿತ್ತು.

ಶುಕ್ರವಾರ ಟ್ರಸ್ಟಿನವರು ಮೂವರು ಬಂದರು. ಎಂಬತ್ತೊಂದು ಎಂಬ ಅಂಕಿ ಗೋಡೆಯ ಮೇಲೆ ದೊಡ್ಡದಾಗಿ ಮೂಡಿದಾಗ ಅವರ ಪೈಕಿ ಹಿರಿಯ ಹೆಣ್ಣುಮಗಳು ತಲೆದೂಗಿದರು. ದಾನೇಶ್ವರಿ ನೀರು ಕುಡಿದಳು, ಲೋಟ ಕೆಳಗಿಟ್ಟಳು, ಈ ಅಂಕಿ ಸುಳ್ಳಲ್ಲ, ಆದರೆ ಇದು ಸಂಜೆ ಶಾಲೆಯದ್ದಲ್ಲ, ಸೋಮವಾರದ್ದು ಎಂದಳು. ಎತ್ತು, ಗಳೇ, ತನ್ನ ಸೋಮವಾರ, ಯಮನಪ್ಪನ ಸೋಮವಾರ, ಎಲ್ಲವನ್ನೂ ಬಿಡಿಸಿ ಹೇಳಿದಳು. ತಬಸುಮಳ ಓದನ್ನೂ ಹೇಳಿದಳು. ಮೊದಲನೆಯದನ್ನು ಅವರು ಬರೆದುಕೊಂಡರು. ಎರಡನೆಯದು ಬಂದಾಗ ಪೆನ್ನು ಮುಚ್ಚಿದ್ದರು.

ಹಿರಿಯ ಹೆಣ್ಣುಮಗಳು ಅವಳ ಪ್ರಾಮಾಣಿಕತೆಯನ್ನು ಮನಸಾರೆ ಹೊಗಳಿದರು. ಹಗಲು ಶಾಲೆಯ ಹಾಜರಿಗೆಂದೇ ಮೀಸಲಾದ ನೆರವನ್ನು ಇನ್ನೊಂದಕ್ಕೆ ಕೊಡಲು ತಮಗೆ ಅಧಿಕಾರವಿಲ್ಲವೆಂದೂ, ತಿಂಗಳ ಕೊನೆಗೆ ಸಂಜೆ ಶಾಲೆ ನಿಲ್ಲಿಸಬೇಕೆಂದೂ, ಓದಿನ ಬಗ್ಗೆ ಬೇರೆ ಯೋಜನೆ ಬರೆದು ಕಳಿಸಿದರೆ ಒಂದೆರಡು ವರ್ಷದಲ್ಲಿ ನೋಡಬಹುದೆಂದೂ ಹೇಳಿದರು. ಒಂದೆರಡು ವರ್ಷಕ್ಕೆ ತಬಸುಮಳಿಗೆ ಹದಿನಾಲ್ಕು. ಸರ್ ಅತಿಥಿಗಳನ್ನು ಊಟಕ್ಕೆ ಕರೆದುಕೊಂಡು ಹೋದರು. ಹೋಗುವಾಗ ಅವಳನ್ನು ಕರೆಯಲಿಲ್ಲ.

ಫೋನು ಮಾಡಿ ಹೇಳುವ ಮಾತಲ್ಲವೆಂದು ಅವಳು ಅದೇ ಮಧ್ಯಾಹ್ನ ಹಿರೇಬಾವಿಯ ಬಸ್ಸು ಹತ್ತಿದಳು. ರಾಧಿಕಾ ಭವನದ ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಕೇಳಿದಳು. ಕೇಳಿ ಮುಗಿದ ಮೇಲೆ, ನಿಮ್ಮ ಲೆಕ್ಕ ಸರಿ ಆಗಲಿಕ್ಕೆ ಇನ್ನೊಂದು ತಿಂಗಳು ತಡ ಆಗಿದ್ದರೆ ಚಲೋ ಇತ್ತು, ಆ ಹುಡುಗಿ ಪಾಠದ ಪುಸ್ತಕ ಮುಗಿಸುತ್ತಿದ್ದಳು ಎಂದಳಷ್ಟೇ. ದಾನೇಶ್ವರಿ ಅವಳ ಕೈ ಹಿಡಿಯಲು ಹೋದಳು. ರಾಧಿಕಾ ಹಿಂದೆ ಸರಿದು ಬಾಗಿಲು ಬಿಟ್ಟುಕೊಟ್ಟಳು.

"ಖರೆ ಹೇಳೀರಿ, ನಾ ಏನೂ ಅನ್ನಂಗಿಲ್ಲ. ಆದ್ರ ಇವ್ರಿಗೆ ನಾ ಹೇಳಂಗಿಲ್ರಿ ಅಕ್ಕಾರ. ನೀವ ಹೇಳ್ರಿ."

ಒಳಗೆ ಇಪ್ಪತ್ತೆರಡು ಮುಖಗಳು ಅವಳ ಕಡೆ ತಿರುಗಿದ್ದವು. ಕುರ್ಚಿ ಇತ್ತು, ಅವಳು ಕೂರಲಿಲ್ಲ, ಮಕ್ಕಳ ಎದುರಿಗೆ ನೆಲದ ಮೇಲೆ ಕೂತಳು. ಪಾಠ ಶುರುವಾಗುತ್ತದೆ ಎಂದುಕೊಂಡು ಅವರು ಪುಸ್ತಕ ತೆರೆದರು.

"ಪುಸ್ತಕ ಸ್ವಲ್ಪ ಬದಿಗೆ ಇಡ್ರಿ," ಎಂದಳು ದಾನೇಶ್ವರಿ. "ನಿಮ್ಮನ್ನ ಎಣಿಸೂದ್ರಾಗ ನಾ ಒಂದ ತಪ್ಪ ಮಾಡೀನಿ. ಅದನ್ನ ಮೊದಲ ಕೇಳ್ರಿ."